ನಲವತ್ತೊಂದನೇ ಬಾಟಲಿ

“ಏ ಉಚ್ಚೆ ಮೇಡಂ! ಇವತ್ತೂ ಬಂದ್ಬಿಟ್ಯಾ? ನಮ್ ಉಚ್ಚೆ ಏನು ಹಾಲಾ, ಬೆಳಗಾದ್ರೆ ಡೇರಿಗೆ ಹಾಕೋಕೆ?”

ಕಕ್ಕಸಿನ ಸಾಲಿನಲ್ಲಿ ನಿಂತವನೊಬ್ಬ ಕೂಗಿದ. ಎದ್ದ ನಗು ಅರ್ಧಕ್ಕೇ ನಿಂತಿತು. ಹಿಂದಿದ್ದವನು ಅವನ ತಲೆಗೊಂದು ಮೊಟಕಿ, “ಥೂ ಬೋಳಿಮಗನೇ, ಗಂಡನ್ನ ಮಣ್ಣು ಮಾಡಿ ವಾರ ಆಗಿಲ್ಲ ಆಕೆ” ಎಂದ. ಅಂದ ಮೇಲೆ ತನ್ನ ಬೈಗುಳ ಹೋಗಿ ತಾಗಿದ್ದು ಯಾರಿಗೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡ.

ಅವಳಿಗೆ ಯಾವುದೂ ತಾಗಲಿಲ್ಲ. ಐಸ್ ಪೆಟ್ಟಿಗೆಯ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡು ಮುಂದಿನ ಬಾಗಿಲಿಗೆ ಹೋದಳು. ಐದು ದಿನ ಮನೆ ತುಂಬ ಜನರಿದ್ದರು. ಇವತ್ತು ಎದ್ದಾಗ ನೆಂಟರು ಯಾರೂ ಇರಲಿಲ್ಲ. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಕೆಟ್ಟಿನಲ್ಲಿ ನೆನೆಹಾಕಿದ್ದ ಅವನ ಕೆಲಸದ ಅಂಗಿ ಇನ್ನೂ ನೀಲಿ ಬಿಡುತ್ತಿತ್ತು. ನೀರು ಚೆಲ್ಲಿ ಬೇರೆ ನೀರು ಹಾಕಿದಳು. ಅದೂ ನೀಲಿಯಾಯಿತು. ಪೆಟ್ಟಿಗೆ ಎತ್ತಿಕೊಂಡು ಹೊರಟಿದ್ದಳು.

ಎದುರುಬದುರು ಮೂವತ್ತಾರು ಕೋಣೆ, ನಡುವೆ ಚರಂಡಿ, ಎರಡು ನಲ್ಲಿ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಲೈನು ಇದು. ಇಲ್ಲಿ ಯಾರು ಯಾವ ತೊಟ್ಟಿಯವರೆಂದು ಕೇಳಬೇಕಿಲ್ಲ, ಕೈ ನೋಡಿದರಾಯಿತು. ಕೆಂಪು ತೊಟ್ಟಿಯವನ ಉಗುರು ಸಾಯುವವರೆಗೂ ಕೆಂಪು. ಹಳದಿ ತೊಟ್ಟಿಯ ಮುದುಕನಿಗೆ ಅರಿಶಿನಜ್ಜ ಎಂದೇ ಹೆಸರು ಬಿದ್ದು, ಹೆತ್ತವರಿಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಹತ್ತು ಹದಿನೈದು ವರ್ಷ ತೊಟ್ಟಿಯಲ್ಲಿ ಕೈ ಅದ್ದಿದವರಿಗೆ ಮೂತ್ರಕೋಶದಲ್ಲಿ ಗಡ್ಡೆ ಏಳುತ್ತಿತ್ತು. ಬೀಡಿ ಸೇದಿ ಹೀಗಾಯಿತು ಎಂದು ಕಾರ್ಖಾನೆಯ ಡಾಕ್ಟರು ಬರೆಯುತ್ತಿದ್ದರು. ಬೀಡಿ ಮುಟ್ಟದವರ ವಿಷಯದಲ್ಲೂ ಹಾಗೇ ಬರೆಯುತ್ತಿದ್ದರು.

ಮೂರು ವರ್ಷದ ಕೆಳಗೆ ಗುಡ್ಡದ ಮೇಲಿನ ಸಂಶೋಧನಾ ಸಂಸ್ಥೆಯವರು ಲೈನಿಗೆ ಇಳಿದು ಬಂದರು. ಒಬ್ಬೊಬ್ಬರ ಮೈಯ ಅಳತೆ ತೆಗೆದು, ದರ್ಜಿ ಅಂಗಿ ಹೊಲಿದುಕೊಟ್ಟ ಹಾಗೆ ಮದ್ದು ಮಾಡಿಕೊಡುವ ಕಾಲ ಬಂದಿದೆ ಎಂದರು. ಆರು ತಿಂಗಳಿಗೊಮ್ಮೆ ರಕ್ತ, ತಿಂಗಳಿಗೊಮ್ಮೆ ಮೂತ್ರ, ದಿನಕ್ಕೆ ಒಂದಿಷ್ಟು ಮನೆಯಂತೆ. ಆ ಹನಿಗಳಲ್ಲಿ ಜೀನು, ಪ್ರೋಟೀನು, ಹೊಕ್ಕ ಬಣ್ಣದಿಂದ ಮೈ ಏನೇನು ಅಡಿಗೆ ಮಾಡಿಕೊಂಡಿದೆ ಎಂಬುದು, ಎಲ್ಲವನ್ನೂ ಓದಿ ಒಂದೇ ಉಗ್ರಾಣದಲ್ಲಿ ಇಡುತ್ತಾರೆ. ಲೋಕದ ಯಾವ ಲ್ಯಾಬಿನವರು ಬೇಕಾದರೂ ಅದರಿಂದ ತೆಗೆದುಕೊಳ್ಳಬಹುದು. ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಲೈನಿನಲ್ಲಿ ಅವಳೊಬ್ಬಳೇ. ಫಾರಂ ಓದಿ ಹೇಳುವುದು, ಹೆಬ್ಬೆಟ್ಟು ಒತ್ತಿಸುವುದು, ಬಾಟಲಿ ಎತ್ತುವುದು ಅವಳ ಕೆಲಸವಾಯಿತು. “ಹೆಸರು ಎಲ್ಲೂ ಇರಲ್ಲ, ಬರೀ ನಂಬರು. ನಿಮ್ಮ ಗುಟ್ಟು ಗುಟ್ಟಾಗೇ ಇರುತ್ತೆ” ಎಂದು ಮನೆಮನೆಗೂ ಹೋಗಿ ಹೇಳಿದವಳು ಅವಳೇ. ಕಾರ್ಡು ಕೊಟ್ಟರು. ಬಿಳಿ ಪ್ಲಾಸ್ಟಿಕ್ಕು, ಒಂದು ನಂಬರು, ಕಪ್ಪು ಗೆರೆಗಳು. ಫೋಟೋ ಇಲ್ಲ.

ಅವಳ ಗಂಡನಿಗೆ ಕಾರ್ಡು ಸಿಗಲಿಲ್ಲ. ಹತ್ತು ವರ್ಷ ತುಂಬಿದ ಕಾಯಂ ಕೆಲಸಗಾರರು ಮಾತ್ರ ಅವರಿಗೆ ಬೇಕಿತ್ತು. ಅವನು ಗುತ್ತಿಗೆಯವನು, ಬಣ್ಣ ಬಂದ ಡ್ರಮ್ಮುಗಳ ಒಳಗಿಳಿದು ತೊಳೆಯುವವನು, ಸೇರಿ ಆರೇ ವರ್ಷ ಆದವನು. ಉಚ್ಚೆ ಕೆಂಪಾದಾಗ “ಡ್ರಮ್ಮಿನ ಬಣ್ಣ ಕಣೇ” ಎಂದು ನಕ್ಕಿದ್ದ. ಲೈನಿನಲ್ಲಿ ಯಾರ ಉಚ್ಚೆಗೆ ಬಣ್ಣ ಇರಲಿಲ್ಲ? ಸರ್ಕಾರಿ ಆಸ್ಪತ್ರೆಯವರು ನೋಡುವ ಹೊತ್ತಿಗೆ ಗಡ್ಡೆ ಮೂಳೆಗೆ ಇಳಿದಿತ್ತು. ಹಾಸಿಗೆ ಹಿಡಿದವನು ಐದು ವಾರಕ್ಕೆ ಹೋದ.

ಪಕ್ಕದ ಕೋಣೆ ಭಾವನದು, ಗಂಡನ ಅಣ್ಣನದು. ಕೆಂಪು ತೊಟ್ಟಿಯಲ್ಲಿ ಹತ್ತೊಂಬತ್ತು ವರ್ಷ. ನಂಬರು ನಲವತ್ತೊಂದು. ಅವಳು ಬಾಗಿಲು ತಟ್ಟಿದಾಗ ಓರಗಿತ್ತಿ ಖಾಲಿ ಬಾಟಲಿ ಹಿಡಿದು ಬಂದಳು.

“ಇವತ್ತು ಆಗ್ಲಿಲ್ಲ.”

“ಯಾಕಕ್ಕ? ಮೂರು ವರ್ಷದಲ್ಲಿ ಈ ಮನೆ ಬಾಟ್ಲಿ ಒಂದ್ಸಲನೂ ತಪ್ಪಿಲ್ಲ.”

ಓರಗಿತ್ತಿ ಖಾಲಿ ಬಾಟಲಿಯನ್ನು ಅವಳ ಕೈಗಿಟ್ಟಳು. ಸೆರಗಿನಡಿಯಿಂದ ಒಂದು ಕಾಗದ ತೆಗೆದಳು. “ನೀನು ಇನ್ನೂ ಕಣ್ಣೀರಲ್ಲಿದ್ದೆ, ಹೇಗೆ ತರೋದು ಅಂತ ಮೂರು ದಿನ ಇಟ್ಕೊಂಡಿದ್ದೆ. ಮಾತ್ರೆ ಕಾಗದ ಅಂತೆ. ಓದಮ್ಮ.”

ಭಾವನಿಗೆ ಎರಡು ತಿಂಗಳಿಂದ ಉಚ್ಚೆಯಲ್ಲಿ ರಕ್ತ. ಅದು ಬಣ್ಣವಲ್ಲ, ರಕ್ತವೇ ಎಂದು ಆಸ್ಪತ್ರೆಯವರು ಹೇಳಿಯಾಗಿತ್ತು. ಗಡ್ಡೆ ಇನ್ನೂ ಚಿಕ್ಕದು ಎಂದೂ ಹೇಳಿದ್ದರು. ಸಂಸ್ಥೆ ಈಗ ಹೊಸ ಮಾತ್ರೆಯೊಂದನ್ನು ಪರೀಕ್ಷೆಗೆ ಕೊಡಲಿತ್ತು. ಎಲ್ಲ ಗಡ್ಡೆಗೂ ಅದು ನಾಟುವುದಿಲ್ಲ, ಒಂದು ಗುರುತು ಇರುವ ಗಡ್ಡೆಗೆ ಮಾತ್ರ. ಉಗ್ರಾಣದಲ್ಲಿರುವ ಮೈಗಳಲ್ಲಿ ಯಾವುದಕ್ಕೆ ಆ ಗುರುತಿದೆ ಎಂದು ಹುಡುಕಿ ಕಾಗದ ಹಾಕಿದ್ದರು. ಅವಳು ಓದಿದಳು. ನಲವತ್ತೊಂದಕ್ಕೆ ಗುರುತಿಲ್ಲ. ನಲವತ್ತೊಂದಕ್ಕೆ ಮಾತ್ರೆ ಇಲ್ಲ. ನಾಳೆ ಸಂಜೆಗೆ ಪಟ್ಟಿ ಮುಚ್ಚುತ್ತದೆ.

“ಇಲ್ಲ ಅಂದಿದ್ದಾರೆ ಅಕ್ಕ.”

ಓರಗಿತ್ತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಒಂದೇ ತಿಂಗಳಲ್ಲಿ ಎರಡು ಹೆಣ ಎತ್ಸಬೇಡ ಅಂತ ಕೇಳ್ಕೊ ಅವರ್ನ. ಓದಿದೋಳು ನೀನು. ನಮ್ಮ ಮಾತು ಅವರಿಗೆ ನಾಯಿ ಬೊಗಳಿದ ಹಾಗೆ.”

*

ಸಂಸ್ಥೆಗೆ ಎರಡು ಬಾಗಿಲು. ಬಾಟಲಿಯವರು ಹಿಂಬಾಗಿಲಿನಿಂದ. ಅಲ್ಲಿ ಫಾರಂ ಮೇಡಂ ಕುಳಿತಿರುತ್ತಾಳೆ. ಹೆಸರು ಲೈನಿನವರು ಇಟ್ಟದ್ದು. ಆಕೆಯ ಬಾಯಿಂದ ಫಾರಂ ಬಿಟ್ಟು ಬೇರೆ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ.

“ಐದು ದಿನ ಬಾಟಲಿ ಬಂದಿಲ್ಲ. ರಜೆ ಫಾರಂ ಎಲ್ಲಿ?”

“ಗಂಡ ತೀರಿಕೊಂಡ್ರು ಮೇಡಂ.”

“ಗೊತ್ತು, ಪಾಪ. ಆದ್ರೂ ಫಾರಂ ಕೊಡ್ಬೇಕು ತಾನೆ? ಸಾಯೋಕೆ ಐದು ವಾರ ತಗೊಂಡಿದ್ದಾನೆ, ಮೊದ್ಲೇ ಬರೆದಿಡೋಕೆ ಏನು ಕಷ್ಟ? ನಾಳೆ ರಕ್ತದ ದಿನ, ಹೊರಗಿನ ಲ್ಯಾಬ್‌ಗಳಿಂದ ದೊಡ್ಡ ದೊಡ್ಡವರು ಬರ್ತಿದ್ದಾರೆ. ನಿಮ್ಮ ಜನ ಸ್ನಾನ ಮಾಡ್ಕೊಂಡು ಬರ್ಲಿ. ಹೋದ ಸಲ ವಾಸನೆ ಹೋಗೋಕೆ ಎರಡು ದಿನ ಬೇಕಾಯ್ತು.” ಮೇಡಂ ಬಾಟಲಿಗಳನ್ನು ಎಣಿಸಿದಳು. “ನಲವತ್ತೊಂದು?”

“ಖಾಲಿ.”

“ಒಂದು ನಂಬರು ಏರುಪೇರಾದ್ರೂ ಇಡೀ ಲೈನನ್ನ ಕಿತ್ತುಹಾಕ್ತೀವಿ ಅಂತ ಗೊತ್ತಲ್ವಾ? ನಿನ್ನನ್ನೂ ಸೇರಿಸಿ.”

ಅವಳು ಕಾಗದ ತೋರಿಸಿದಳು. ನಲವತ್ತೊಂದನ್ನು ಇನ್ನೊಮ್ಮೆ ನೋಡಬೇಕು ಎಂದಳು. ಮೇಡಂ ಆಗದು ಎಂದಳು. ಅವಳು ಅಲ್ಲೇ ನಿಂತಳು. ಹನ್ನೊಂದರಿಂದ ಹನ್ನೆರಡೂವರೆವರೆಗೆ ನಿಂತಳು. ಅಳುವ ಹೆಂಗಸನ್ನು ಹೊರಗೆ ಕಳಿಸುವುದು ಮೇಡಂಗೆ ಗೊತ್ತಿತ್ತು. ಅಳದೆ ಸುಮ್ಮನೆ ನಿಂತವಳನ್ನು ಏನು ಮಾಡುವುದೆಂದು ತಿಳಿಯದೆ ಕೊನೆಗೆ ದೊಡ್ಡ ಡಾಕ್ಟರ ಕೋಣೆಗೆ ಕಳಿಸಿದಳು.

ದೊಡ್ಡ ಡಾಕ್ಟರು ನಾಳೆಯ ಭಾಷಣ ತಿದ್ದುತ್ತಿದ್ದರು. ಕುಳಿತುಕೊಳ್ಳಿ ಎನ್ನಲಿಲ್ಲ.

“ನೋಡಿ ಅಮ್ಮ, ನೀವು ಓದಿದೋರು, ನಿಮಗೆ ಅರ್ಥ ಆಗುತ್ತೆ. ಇದು ಊರ ಬಾವಿ ಇದ್ದ ಹಾಗೆ. ಹತ್ತೊಂಬತ್ತು ಲ್ಯಾಬಿನೋರು ಇದೇ ನೀರು ಸೇದ್ತಾರೆ. ಒಬ್ಬನಿಗೋಸ್ಕರ ಬಾವಿ ಕಲಕೋಕೆ ಆಗುತ್ತಾ?”

“ನೀರು ಅವರದೇ ಅಲ್ವಾ ಸರ್. ಒಂದು ಕೊಡ ಕೇಳ್ತಿದ್ದಾರೆ.”

ಡಾಕ್ಟರು ತಲೆ ಎತ್ತಿದರು. ಅವಳ ಕೈ ನೋಡಿದರು, ಬಣ್ಣವಿರಲಿಲ್ಲ. ಕಂಪ್ಯೂಟರಿನ ತೆರೆಯನ್ನು ಅವಳ ಕಡೆ ತಿರುಗಿಸಿದರು. “ನೀವೇ ಓದ್ಕೊಳ್ಳಿ. ಯಂತ್ರ ಸುಳ್ಳು ಹೇಳಲ್ಲ.”

ಓದಿಕೊಂಡಳು. ನಂಬರು ನಲವತ್ತೊಂದು. ಗಡ್ಡೆ: ಇದೆ. ಮಾತ್ರೆಗೆ ಒಪ್ಪುವ ಗುರುತು: ಇಲ್ಲ. ಗಡ್ಡೆಯ ಸುಳಿವು ಮೊದಲು ಕಂಡದ್ದು ಯಾವ ತಿಂಗಳೆಂದೂ ಇತ್ತು. ಹದಿನಾಲ್ಕು ತಿಂಗಳ ಹಿಂದೆ.

“ಹದಿನಾಲ್ಕು ತಿಂಗಳಿಂದ ಗೊತ್ತಿತ್ತಾ?”

“ಯಂತ್ರಕ್ಕೆ ಗೊತ್ತಿತ್ತು.”

“ಯಾರಿಗೂ ಹೇಳ್ಲಿಲ್ಲ.”

“ಇದು ಆಸ್ಪತ್ರೆ ಅಲ್ಲ. ಬಿಡಿಬಿಡಿಯಾಗಿ ಯಾರಿಗೂ ಫಲಿತಾಂಶ ಹೇಳಲ್ಲ ಅಂತ ಫಾರಂನ ಏಳನೇ ಪುಟದಲ್ಲಿದೆ. ಅವರಿಗೆ ಓದಿ ಹೇಳಿದ್ದು ನೀವೇ ಅಲ್ವಾ?”

ಹೌದು. ಅವಳೇ. ಏಳನೇ ಪುಟಕ್ಕೆ ಬರುವಷ್ಟರಲ್ಲಿ ಎಲ್ಲರಿಗೂ ಪಾಳಿಗೆ ಹೊತ್ತಾಗುತ್ತಿತ್ತು, ಬೇಗ ಬೇಗ ಓದುತ್ತಿದ್ದಳು.

*

ಮೊದಲ ಪಾಳಿ ಎರಡಕ್ಕೆ ಬಿಡುತ್ತದೆ. ಭಾವ ಮೂರಕ್ಕೆ ಬಂದು ಅನ್ನಕ್ಕೆ ಕುಳಿತಿದ್ದ. ಅವಳು ಬಾಗಿಲಲ್ಲೇ ನಿಂತು ಹೇಳಿದಳು.

“ಭಾವ, ನಿಮ್ಮ ಗಡ್ಡೆ ವಿಷಯ ಅವರಿಗೆ ಹದಿನಾಲ್ಕು ತಿಂಗಳಿಂದ ಗೊತ್ತಿತ್ತಂತೆ.”

“ಸೂಳೇಮಕ್ಳು” ಎಂದ ಭಾವ. ತುತ್ತು ಎತ್ತಿದವನು ಅಲ್ಲೇ ಕೈ ತಡೆದ. “ಎಷ್ಟು ತಿಂಗಳು?”

“ಹದಿನಾಲ್ಕು.”

“ಹದಿನಾಲ್ಕು ತಿಂಗಳ ಹಿಂದೆ ನಾನೆಲ್ಲಿ ಕೊಟ್ಟಿದ್ದೆ?”

ಓರಗಿತ್ತಿ ಒಲೆಯ ಮುಂದಿನಿಂದ “ಸುಮ್ನಿರಿ” ಎಂದಳು.

“ಏನು ಸುಮ್ನಿರೋದು? ಎರಡು ವರ್ಷದಿಂದ ನಾನು ಮೊದಲ್ನೇ ಪಾಳಿ. ನಾಲ್ಕೂವರೆಗೆ ಗೇಟಲ್ಲಿರಬೇಕು. ಇವಳು ಬಾಟ್ಲಿ ಎತ್ತೋದು ಏಳಕ್ಕೆ. ಎರಡು ಗಂಟೆಗಿಂತ ಹಳೇದು ಆಗಬಾರ್ದು ಅಂತೀರಿ. ರಕ್ತದ ದಿನಾನೂ ಮೇಸ್ತ್ರಿ ತೊಟ್ಟಿ ಬಿಟ್ಟು ಅಲ್ಲಾಡೋಕೆ ಬಿಡಲ್ಲ.” ಅವನು ಅವಳ ಮುಖ ನೋಡದೆ ತಟ್ಟೆ ನೋಡಿ ಹೇಳಿದ. “ಅವನು ಎರಡನೇ ಪಾಳಿ. ಬೆಳಿಗ್ಗೆ ಮನೇಲಿರ್ತಿದ್ದ. ಅಣ್ಣ, ಕಾರ್ಡು ಕೊಡು, ನಾನು ನೋಡ್ಕೋತೀನಿ ಅಂದ. ಇಸ್ಕೊಂಡ. ರಕ್ತದ ದಿನ ನೀನು ಹಿಂಬಾಗಿಲಲ್ಲಿ ಬಾಟ್ಲಿ ಒಪ್ಪಿಸ್ತಿರೋವಾಗ ಅವನೇ ಹೋಗಿ ಕೈ ಚಾಚ್ತಿದ್ದ, ನನ್ನ ಹಾಜರಿ ಅವನು ಹಾಕ್ತಿದ್ದ.”

“ಇದು ಹಾಜರಿ ಅಲ್ಲ ಭಾವ.”

“ಹೆಸರು ಬೇಡ ಅಂದ್ಯಲ್ಲಮ್ಮ ನೀನೇ! ಹೆಸರಿಲ್ಲ, ಫೋಟೋ ಇಲ್ಲ, ನಂಬರಿದ್ರೆ ಸಾಕು ಅಂದೆ. ನಲ್ಲಿ ಸಾಲಲ್ಲಿ ನಾವಿಲ್ಲದಾಗ ಕಲ್ಲಿಟ್ಟು ಹೋಗಲ್ವಾ? ಯಾರ ಕಲ್ಲಾದ್ರೇನು, ಕೊಡ ತುಂಬಿದ್ರಾಯ್ತು ಅಂದ್ಕೊಂಡ್ವಿ. ಲೈನಲ್ಲಿ ಎಲ್ಲರೂ ಹಾಗೇ ಮಾಡ್ತಾರೆ.”

ಅವಳು ಬಾಗಿಲಲ್ಲೇ ಕುಳಿತಳು. ಹದಿನಾಲ್ಕು ತಿಂಗಳು, ಹದಿನಾಲ್ಕು ಬಾಟಲಿ. ಬೆಳಿಗ್ಗೆ ಗಂಡನಿಗೆ ಚಹಾ ಕೊಟ್ಟು, ಪೆಟ್ಟಿಗೆ ಹೊತ್ತು, ಪಕ್ಕದ ಬಾಗಿಲು ತಟ್ಟಿ, ಅವನ ಸಾವನ್ನೇ ಐಸಿನ ಮೇಲೆ ಮಲಗಿಸಿಕೊಂಡು ಗುಡ್ಡ ಹತ್ತಿದ್ದಳು. ಯಂತ್ರ ಓದಿತ್ತು. ಹತ್ತೊಂಬತ್ತು ಲ್ಯಾಬಿನವರು ಓದಿದ್ದರು. ಅವನ ಪಕ್ಕದಲ್ಲಿ ಮಲಗಿದವಳಿಗೆ ಮಾತ್ರ ಗೊತ್ತಿರಲಿಲ್ಲ.

“ನನ್ನ ಹಾಜರಿ ಹಾಕ್ತಾ ಹಾಕ್ತಾ ಹೋಗ್ಬಿಟ್ಟ” ಎಂದ ಭಾವ. ಎಂಜಲು ಕೈಯಲ್ಲೇ ಹಣೆ ಹಣೆ ಬಡಿದುಕೊಂಡ. “ಅಳತೆ ಕೊಟ್ಟೋನು ಅವನು. ಅಂಗಿ ಬೇಕಾಗಿರೋನು ನಾನು. ಆಗಲ್ಲ ಅಂತ ಬರೆಯದೆ ಇನ್ನೇನು ಬರೀತಾರೆ?”

ಅವಳು ಅದನ್ನು ಕೇಳಿ ತಲೆ ಎತ್ತಿದಳು. “ನಿಮ್ಮ ಗಡ್ಡೇನ ಅವರು ಇನ್ನೂ ನೋಡೇ ಇಲ್ಲ ಭಾವ.”

ಕಾರ್ಡು ಗಂಡನ ಕ್ಷೌರದ ಡಬ್ಬಿಯಲ್ಲಿ, ಬ್ಲೇಡಿನ ಪೊಟ್ಟಣದ ಕೆಳಗೆ ಸಿಕ್ಕಿತು. ಅಂಚಿಗೆ ನೀಲಿ ಹತ್ತಿತ್ತು.

ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ ಹೇಳಿದಳು, ನಾಳೆ ಎಲ್ಲ ಹೇಳಿಬಿಡೋಣ ಎಂದು. ಮೊದಲು ಕೆರಳಿದವನು ಅರಿಶಿನಜ್ಜ.

“ಬಾಯಿ ಮುಚ್ಕೊಂಡಿರು! ನಂಗೆ ಮಾತ್ರೆ ಬಂದಿದೆ. ನಿನ್ನ ಭಾವಂಗೆ ಬರ್ಲಿಲ್ಲ ಅಂತ ನನ್ನ ಅನ್ನಕ್ಕೆ ಮಣ್ಣು ಹಾಕ್ತೀಯಾ ಮುಂಡೆ?”

“ನಿಮ್ಮ ಬಾಟ್ಲಿ ತುಂಬ್ತಿದ್ದೋರು ಯಾರಜ್ಜ?”

“ನಾನೇ.” ಮುದುಕ ನಲ್ಲಿ ಕಡೆ ನೋಡಿದ. “ಎರಡು ಸಲ ನಾನು. ಆಮೇಲೆ ನನ್ನಳಿಯ. ನಂಗೆ ಎಲ್ಲಿ ಬೇಕಾದಾಗ ಬರುತ್ತೆ ಹೇಳು, ಈ ವಯಸ್ಸಲ್ಲಿ?”

“ಹಂಗಾದ್ರೆ ಮಾತ್ರೆ ಯಾರ ಗಡ್ಡೆಗೆ ಬಂದಿದೆ?”

ಕೊಡ ತುಂಬಿ ನೀರು ಹೊರಚೆಲ್ಲುತ್ತಿತ್ತು. ಅಳಿಯ ಅಲ್ಲೇ ನಿಂತಿದ್ದ. ಮೂವತ್ತರ ಆಳು, ಬಕೆಟ್ಟು ಕೆಳಗಿಟ್ಟು ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ.

*

ಮರುದಿನ ಭಾವ ಪಾಳಿಗೆ ಹೋಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ತಮ್ಮನ ಮಣ್ಣಿಗೊಂದು ದಿನ ಬಿಟ್ಟರೆ ಇದೇ ಮೊದಲು. ಹತ್ತು ಗಂಟೆಗೆ ಅವನೂ ಅವಳೂ ಸಂಸ್ಥೆಯ ಮುಂಬಾಗಿಲಿನಿಂದ ಒಳಗೆ ಬಂದರು. ಕಾವಲಿನವನು ತಡೆದಾಗ “ಬಾಟ್ಲಿ ಇದ್ರೆ ಹಿಂಬಾಗಿಲು, ಇವತ್ತು ಕೈ ಖಾಲಿ” ಎಂದ ಭಾವ.

ಹಜಾರದಲ್ಲಿ ಒಂದು ಕಡೆ ಹೊರಗಿನಿಂದ ಬಂದವರು, ಕುರ್ಚಿಗಳಲ್ಲಿ. ಇನ್ನೊಂದು ಕಡೆ ಲೈನಿನವರು, ಗೋಡೆಗೆ ಆತುಕೊಂಡು, ತಲೆ ಒದ್ದೆ ಮಾಡಿಕೊಂಡು. ನಡುವೆ ರಕ್ತ ತೆಗೆಯುವ ಕುರ್ಚಿ, ಪಕ್ಕದಲ್ಲಿ ನರ್ಸು. ದೊಡ್ಡ ಡಾಕ್ಟರು ಬಾವಿಯ ಮಾತು ಹೇಳುತ್ತಿದ್ದರು. ಕುಳಿತವರು ತಲೆದೂಗುತ್ತಿದ್ದರು.

ಅವಳು ಹೋಗಿ ಕುರ್ಚಿಯ ಪಕ್ಕ ನಿಂತಳು.

“ಸರ್, ನಿಮ್ಮ ನಲವತ್ತೊಂದು ತೀರಿಕೊಂಡಿದ್ದಾರೆ.”

ಡಾಕ್ಟರು ನಕ್ಕರು, ಸಭೆಯ ನಗು. “ಆಮೇಲೆ ಮಾತಾಡೋಣ ಅಮ್ಮ.”

“ನನ್ನ ಗಂಡ. ಡ್ರಮ್ಮು ತೊಳೀತಿದ್ರು. ನಿಮಗೆ ಅವರು ಬೇಕಿರಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ ನಿಮ್ಮ ಯಂತ್ರಕ್ಕೆ ಸಿಕ್ಕಿದ್ದು ಅವರೇ. ಒಂದು ಮಾತು ಹೇಳಿದ್ರೆ ಮೂಳೆಗೆ ಹೋಗ್ತಿರಲಿಲ್ಲ. ಇವರು ನನ್ನ ಭಾವ. ನಂಬರು ಇವರದು. ಎರಡು ವರ್ಷದಿಂದ ಇವರ ಒಂದು ಹನೀನೂ ನಿಮ್ಮ ಹತ್ರ ಇಲ್ಲ. ಸಂಜೆ ಪಟ್ಟಿ ಮುಚ್ಚೋಕೆ ಮೊದ್ಲು ಇವರದ್ದು ನೋಡಿ.”

ಇಷ್ಟು ಮಾತನ್ನು ಅವಳು ವಾರದಿಂದ ಆಡಿರಲಿಲ್ಲ. ಕುರ್ಚಿಯಲ್ಲಿದ್ದವರೊಳಗೆ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. ಡಾಕ್ಟರ ಮುಖದ ಬಣ್ಣ ಇಳಿಯಿತು.

“ಏನು ಹೇಳ್ತಿದ್ದೀಯ ನೀನು? ಇದು ಮೋಸ. ಕಳ್ಳ ರಕ್ತ ಕೊಟ್ಟಿದ್ದೀರಿ. ಪೊಲೀಸರನ್ನ ಕರೆಸ್ತೀನಿ!”

“ಕರೆಸ್ರೀ” ಎಂದ ಭಾವ. “ಹತ್ತೊಂಬತ್ತು ವರ್ಷ ವಿಷದಲ್ಲಿ ಕೈ ಅದ್ದಿಸಿದೋನ ಮೇಲೂ ಒಂದು ಕೇಸ್ ಬರೆಸ್ತೀನಿ. ರಕ್ತ ಕಳ್ಳದಲ್ಲ ಸ್ವಾಮಿ. ನಮ್ಮ ಮನೇದೇ.”

“ಎಲ್ಲ ನಂಬರೂ ರದ್ದು! ಇಡೀ ಲೈನು ರದ್ದು!”

ಗೋಡೆಯ ಕಡೆ ಗುಜುಗುಜು ಎದ್ದಿತು. ಅರಿಶಿನಜ್ಜ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ. ಅವಳನ್ನು ಬೈಯುವುದಕ್ಕೆ ಬಂದನೆಂದೇ ಅವಳು ಅಂದುಕೊಂಡಳು. ಮುದುಕ ಅವಳತ್ತ ನೋಡಲೂ ಇಲ್ಲ. ಹಳದಿ ಬೆರಳುಗಳಲ್ಲಿ ಹಿಡಿದಿದ್ದ ಮಾತ್ರೆಯ ಕಾಗದವನ್ನು ನರ್ಸಿನ ಮೇಜಿನ ಮೇಲಿಟ್ಟ.

“ಇದು ನಂದಲ್ಲ. ನನ್ನಳಿಯಂದು. ಮದ್ದು ಅವನಿಗೆ ಕೊಡಿ, ಇನ್ನೂ ವಯಸ್ಸಿದೆ. ರದ್ದು ಗಿದ್ದು ಅಂದ್ರೆ ಇಲ್ಲೇ ಉಚ್ಚೆ ಹೊಯ್ದು ಕೂರ್ತೀನಿ, ಯಾವ ನಂಬರು ಹಾಕ್ಕೊಂತೀರೋ ಹಾಕ್ಕೊಳ್ಳಿ.”

ಯಾರೋ ಗೊಳ್ಳೆಂದು ನಕ್ಕರು. ಆ ನಗುವಿನ ಹಿಂದೆಯೇ “ಏ, ನಂದು ನಿನ್ನ ಹತ್ರ ಇರ್ಬೇಕಲ್ವೋ?” ಎಂದಿತು ಒಂದು ದನಿ. “ನಿಂದು ನನ್ನ ಹೆಂಡ್ತಿ ಹತ್ರ.” “ಹದಿನೇಳು ಯಾರದ್ರೋ?” ಕಿಸೆಗಳಿಂದ, ಸೊಂಟದ ಗಂಟುಗಳಿಂದ ಬಿಳಿ ಕಾರ್ಡುಗಳು ಹೊರಬಂದವು. ಕೆಂಪು ಕೈ ಹಸಿರು ಕೈಗೆ ಕೊಟ್ಟಿತು, ಹಸಿರು ಕೈ ಕಪ್ಪು ಕೈಗೆ. ದೊಡ್ಡ ಡಾಕ್ಟರು ಆ ಕೈಗಳನ್ನೇ ನೋಡುತ್ತ ನಿಂತರು. ಮೂರು ವರ್ಷದ ಬಾವಿ ಅವರ ಕಣ್ಣೆದುರೇ ಕಲಕುತ್ತಿತ್ತು.

ಫಾರಂ ಮೇಡಂ ಅವಳ ಮುಂದೆ ಬಂದು ಕೈ ಚಾಚಿದಳು. “ನಲವತ್ತೊಂದರ ಕಾರ್ಡು ಇಲ್ಲಿ ಕೊಡು. ಅದು ಸಂಸ್ಥೆಯ ಆಸ್ತಿ. ಕೊಟ್ಟು, ನಿನ್ನ ಐಸ್ ಪೆಟ್ಟಿಗೇನೂ ಒಪ್ಪಿಸಿ ಹೊರಡು.”

“ಪೆಟ್ಟಿಗೆ ತಗೊಳ್ಳಿ. ಇದನ್ನ ನಾವು ನಿಮ್ಮ ಹತ್ರ ಇಸ್ಕೊಂಡಿಲ್ಲ.”

ಭಾವ ಆಗಲೇ ಕುರ್ಚಿಯಲ್ಲಿ ಕುಳಿತು ತೋಳು ಮೇಲೇರಿಸಿದ್ದ. ನರ್ಸು ಸೂಜಿ ಹಿಡಿದು ಡಾಕ್ಟರ ಮುಖ ನೋಡುತ್ತಿದ್ದಳು. ಡಾಕ್ಟರು ಹೂಂ ಎನ್ನಲಿಲ್ಲ, ಉಹುಂ ಎನ್ನಲೂ ಇಲ್ಲ. ಅವಳು ಮೇಡಂ ಚಾಚಿದ ಕೈಯನ್ನು ದಾಟಿ ಬಾಗಿ, ಅಂಚಿಗೆ ನೀಲಿ ಹತ್ತಿದ ಕಾರ್ಡನ್ನು ಭಾವನ ಕೆಂಪು ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

“ನಿಮ್ಮ ತಮ್ಮ ನಿಮ್ಮ ಹತ್ರ ಇಸ್ಕೊಂಡಿದ್ದು ಭಾವ. ವಾಪಸ್ ತಗೊಳ್ಳಿ.”